ಅಂಗಿಯೊಳಗಿನ ರಿವಾಲ್ವರ್

ಜಿಲ್ಲಾ ಕಚೇರಿಯೊಂದರಲ್ಲಿ ಹತ್ತೊಂಬತ್ತು ವರುಷ ಬಂದೂಕಿನ ಲೈಸೆನ್ಸುಗಳ ಕಡತ ನೋಡಿಕೊಂಡು ನಿವೃತ್ತನಾದ ಗುಮಾಸ್ತ ನಾನು. ಇಷ್ಟು ದೀರ್ಘವಾದ ಸೇವೆಯಲ್ಲಿ ಸ್ವತಃ ಗುಂಡು ಹಾರಿಸಿದ್ದು ಒಂದೇ ದಿನ. ಪೊಲೀಸ್ ಮೈದಾನದಲ್ಲಿ ಸಾಹೇಬರೊಬ್ಬರು ಗಮ್ಮತ್ತಿಗೆಂದು ನನ್ನ ಕೈಗೆ ರಿವಾಲ್ವರ್ ಕೊಟ್ಟರು. ಐದು ಗುಂಡುಗಳು ಎಲ್ಲಿ ಹೋದವೋ ದೇವರೇ ಬಲ್ಲ. ಆರನೆಯದು ಹಲಗೆಗೆ ತಾಗಿತು, ಆದರೆ ಅದು ಪಕ್ಕದವನ ಹಲಗೆ. ಹೀಗಿದ್ದರೂ, ನಿವೃತ್ತ ಕಾಂಪೌಂಡರನ ಹತ್ತಿರ ಔಷಧ ಕೇಳುವಂತೆ ನಮ್ಮ ಬಳಗದವರು ಬಂದೂಕಿನ ಮಾತು ಬಂದರೆ ನನ್ನ ಹತ್ತಿರವೇ ಬರುತ್ತಾರೆ.

ಹೋದ ತಿಂಗಳು ಹಮ್ಮಿಗಿಯಿಂದ ನನ್ನ ಅಕ್ಕನ ಹಿರಿಯ ಮಗ ಬಂದಿದ್ದ. ಊಟವಾದ ಮೇಲೆ ಎಲೆಯಡಿಕೆಯ ತಟ್ಟೆ ಮುಂದೆಳೆದುಕೊಂಡು, ಒಳಗಿನ ಹೆಂಗಸರಿಗೆ ಕೇಳಿಸದಂತೆ ದನಿ ತಗ್ಗಿಸಿ ಕೇಳಿದ: "ಮಾಮಾ, ಒಂದು ಸಣ್ಣ ರಿವಾಲ್ವರ್ ತಗೋಬೇಕಂತ ಮಾಡೇನ್ರಿ. ಅಂಗಿ ಒಳಗ ಇಟಗೊಂಡ್ರ ಯಾರಿಗೂ ಕಾಣಬಾರ್ದು. ಬೇಕಾದ ಹೊತ್ತಿಗೆ ಕೈ ಕೊಡಬಾರ್ದು. ಅಂಥಾದು ಯಾವುದು ಛಲೋ, ನೀವ ಹೇಳ್ರಿ."

"ಯಾರಿಗೆ ಹೆದರಿ ತಗೋತೀಯೋ?"

"ಹೆದರಿಕಿ ಏನಿಲ್ರಿ. ಗದಗಿನ ಪ್ಯಾಟಿಯಿಂದ ರೊಕ್ಕಾ ತಗೊಂಡು ರಾತ್ರಿ ಬರೂದಿರ್ತೈತಿ. ಕಾಲ ಕೆಟ್ಟೈತಿ."

ಕಾಲ ಕೆಟ್ಟಿದೆ ಎಂಬ ಮಾತನ್ನು ನಾನು ಎಷ್ಟು ಅರ್ಜಿಗಳಲ್ಲಿ ಓದಿದ್ದೇನೆಂದರೆ, ಕೆಡದಿದ್ದ ಕಾಲ ಯಾವುದಾದರೂ ಇತ್ತೇ ಎಂದು ಈಗ ಅನುಮಾನ ಬರುತ್ತದೆ. ಅಳಿಯನ ಪ್ರಶ್ನೆ ಅವನೊಬ್ಬನದಾಗಿದ್ದರೆ ಮನೆಯಲ್ಲೇ ಉತ್ತರ ಹೇಳಿ ಸುಮ್ಮನಾಗುತ್ತಿದ್ದೆ. ಹುಬ್ಬಳ್ಳಿ, ಬೆಂಗಳೂರಿನ ಸಭ್ಯ ಗೃಹಸ್ಥರು, ಕಾಲೇಜಿನಲ್ಲಿ ಪಾಠ ಹೇಳುವವರು, ದವಾಖಾನೆ ಇಟ್ಟವರು, ಅವರೂ ಇದನ್ನೇ ಕೇಳುತ್ತಾರೆ. ಆದುದರಿಂದ ಬಹಿರಂಗವಾಗಿಯೇ ಹೇಳುತ್ತೇನೆ. ಆತ್ಮರಕ್ಷಣೆಗೆಂದು ಬಟ್ಟೆಯೊಳಗೆ ಅಡಗಿಸಿ ಒಯ್ಯಲು ತಕ್ಕ ಭರವಸೆಯ ಸಣ್ಣ ರಿವಾಲ್ವರ್ ಎಂಬುದು ಲೋಕದಲ್ಲಿಲ್ಲ. ರಿವಾಲ್ವರ್ ಉಂಟು. ಸಣ್ಣದೂ ಉಂಟು. ಭರವಸೆಯೂ ಉಂಟು, ಆದರೆ ಅದು ಇನ್ನೊಬ್ಬನ ಪಾಲಿಗೆ. ಆ ಇನ್ನೊಬ್ಬ ಯಾರೆಂಬುದಕ್ಕೆ ಆಮೇಲೆ ಬರುತ್ತೇನೆ. ಮೊದಲು ಅಂಗಡಿಗೆ ಹೋಗೋಣ.

ನಮ್ಮಲ್ಲಿ ಖಾಸಗಿ ಮನುಷ್ಯನಿಗೆ ಲೈಸೆನ್ಸಿನ ಮೇಲೆ ಸಿಗುವ ರಿವಾಲ್ವರ್ ಬಹುಮಟ್ಟಿಗೆ .32 ಬೋರಿನದು. ಸೈನ್ಯದವರ, ಪೊಲೀಸರ 9 ಎಂ.ಎಂ. ಮೊದಲಾದವು ನಿಷಿದ್ಧ ಬೋರು. ವಿದೇಶೀ ಮಾಲು ತರಿಸಿಕೊಳ್ಳುವುದು 1980ರ ದಶಕದಲ್ಲೇ ನಿಂತುಹೋದದ್ದರಿಂದ, ಅಜ್ಜಂದಿರ ಕಾಲದ ವೆಬ್ಲಿಗಳೂ ಸ್ಮಿತ್ ಅಂಡ್ ವೆಸನ್‌ಗಳೂ ಕೈಯಿಂದ ಕೈಗೆ ಬಂಗಾರದ ಬೆಲೆಯಲ್ಲಿ ತಿರುಗುತ್ತವೆ. ಕಾನಪುರದ ಸರಕಾರಿ ಕಾರ್ಖಾನೆಯ .32 ಬಹುಕಾಲದ್ದು. ಅದೇ ಊರಿನ ಫೀಲ್ಡ್ ಗನ್ ಫ್ಯಾಕ್ಟರಿಯವರು 2014ರ ಜನವರಿಯಲ್ಲಿ 'ನಿರ್ಭೀಕ್' ಎಂಬುದನ್ನು ಹೊರತಂದರು. 2012ರ ಡಿಸೆಂಬರಿನಲ್ಲಿ ದಿಲ್ಲಿಯ ಬಸ್ಸಿನಲ್ಲಿ ದುರಂತಕ್ಕೀಡಾದ ಹೆಣ್ಣುಮಗಳ ನೆನಪು ಆ ಹೆಸರಿನಲ್ಲಿದೆ. ಟೈಟಾನಿಯಂ ಬೆರೆಸಿದ ಲೋಹ, ಸುಮಾರು ಅರ್ಧ ಕಿಲೋ ತೂಕ, ಹೆಂಗಸರ ಕೈಚೀಲದಲ್ಲಿ ಹಿಡಿಸುವಂಥದು. ಆಗಿನ ಬೆಲೆ ಸುಮಾರು 1,22,000 ರೂಪಾಯಿ. ಒಡವೆ ಇಡುವಂಥ ಕೆಂಬಣ್ಣದ ಪೆಟ್ಟಿಗೆಯಲ್ಲಿಟ್ಟು ಮಾರಿದರು. ರಾತ್ರಿ ಬಸ್ಸಿನಲ್ಲಿ ತಿರುಗುವ ಬಡ ಹುಡುಗಿಗೆ ಲಕ್ಷದ ಮೇಲಿನ ಒಡವೆಪೆಟ್ಟಿಗೆ! ಅವಳಿಗೆ ಬೇಕಾದದ್ದು ದೀಪವಿದ್ದ ರಸ್ತೆ, ಹೊತ್ತಿಗೆ ಸರಿಯಾಗಿ ಬರುವ ಸರಕಾರಿ ಬಸ್ಸು, ದೂರು ಕೊಟ್ಟರೆ ಬರೆದುಕೊಳ್ಳುವ ಠಾಣೆ. ಇವುಗಳಿಗೆ ಕೆಂಬಣ್ಣದ ಪೆಟ್ಟಿಗೆ ಇನ್ನೂ ಯಾರೂ ಮಾಡಿಸಿಲ್ಲ.

ಇರಲಿ. ರಿವಾಲ್ವರಿನ ಪಕ್ಷದವರು ಹೇಳುವುದರಲ್ಲಿ ಒಂದು ಮಾತು ನಿಜ, ಅದನ್ನು ಒಪ್ಪುತ್ತೇನೆ. ಪಿಸ್ತೂಲಿನಲ್ಲಿ ಕಾಡತೂಸು ಸಿಕ್ಕಿಕೊಂಡರೆ ಎರಡೂ ಕೈ ಹಚ್ಚಿ ಬಿಡಿಸಬೇಕು. ರಿವಾಲ್ವರಿನಲ್ಲಿ ಒಂದು ಕಾಡತೂಸು ಹಾರದಿದ್ದರೆ ಕುದುರೆಯನ್ನು ಮತ್ತೊಮ್ಮೆ ಎಳೆದರಾಯಿತು, ಉರುಳೆ ತಿರುಗಿ ಮುಂದಿನ ಮನೆ ನಳಿಗೆಯ ಎದುರು ನಿಲ್ಲುತ್ತದೆ. ಆರು ತಿಂಗಳು ಪೆಟ್ಟಿಗೆಯಲ್ಲಿಟ್ಟು ತೆಗೆದರೂ ಮುನಿಯುವುದಿಲ್ಲ. 'ಭರವಸೆಯದು' ಎಂಬ ಹೆಸರು ಬಂದದ್ದು ಇದರಿಂದ. ಆದರೆ ಈ ಗುಣವೆಲ್ಲ ಯಂತ್ರದ್ದು. ಅದನ್ನು ಕಿಸೆಗೆ ಹಿಡಿಸುವಷ್ಟು ಸಣ್ಣದು ಮಾಡಹೊರಟ ಕ್ಷಣದಿಂದ ಗುಣಗಳು ಒಂದೊಂದಾಗಿ ಬಿಟ್ಟುಹೋಗುತ್ತವೆ. ನಳಿಗೆ ಗಿಡ್ಡವಾದರೆ ಗುರಿ ನೋಡುವ ಹಿಂದಿನ ಹಲ್ಲಿಗೂ ಮುಂದಿನ ಹಲ್ಲಿಗೂ ನಡುವಣ ಅಂತರ ಕಡಿಮೆಯಾಗುತ್ತದೆ. ಕೈಯಲ್ಲಿ ಕೂದಲೆಳೆಯಷ್ಟು ತಪ್ಪಿದರೆ ಅಂಗಳದಾಚೆ ಮೊಳ ತಪ್ಪುತ್ತದೆ. ತೂಕ ಇಳಿದರೆ ಒದೆತ ಏರುತ್ತದೆ. ಹಿಡಿ ಸಣ್ಣದಾದರೆ ಕಿರುಬೆರಳಿಗೆ ಆಸರೆಯಿಲ್ಲ. ಹಿಂದಿನ ಸುತ್ತಿಗೆ ಅಂಗಿಯ ಅಂಚಿಗೆ ತೊಡರುತ್ತದೆಂದು ಅದನ್ನು ಮುಚ್ಚಿಬಿಟ್ಟರೆ, ಪ್ರತಿ ಗುಂಡಿಗೂ ಕುದುರೆಯನ್ನು ಉದ್ದಕ್ಕೆ, ಭಾರವಾಗಿ ಎಳೆಯಬೇಕು. ಎಳೆಯುವಾಗ ನಳಿಗೆ ಪಕ್ಕಕ್ಕೆ ಸರಿಯುತ್ತದೆ. ನುರಿತ ಕೈಗೆ ಇವೆಲ್ಲ ಅಡ್ಡಿಯಲ್ಲವೆನ್ನುತ್ತಾರೆ. ಒಪ್ಪಿದೆ. ಕೈ ನುರಿಯುವುದಕ್ಕೆ ನೂರಾರು ಕಾಡತೂಸು ಸುಡಬೇಕು. ಹಮ್ಮಿಗಿಯಲ್ಲಿ ಎಲ್ಲಿ ಸುಡುತ್ತಾನೆ? ಹೊಳೆಯ ದಂಡೆಯಲ್ಲೇ? ಬೆಂಗಳೂರಿನ ಗೃಹಸ್ಥ ಮಹಡಿಯ ಮೇಲೆಯೇ? ನಾನು ಕಂಡ ಲೈಸೆನ್ಸುದಾರರಲ್ಲಿ ಹೆಚ್ಚಿನವರು ಕೊಂಡ ಮೊದಲ ಪೆಟ್ಟಿಗೆಯ ಕಾಡತೂಸುಗಳನ್ನೇ ವರುಷ ವರುಷವೂ ಎಣಿಸಿ ತೋರಿಸುತ್ತಿದ್ದರು, ಮನೆಯ ಬೆಳ್ಳಿಯ ಲೋಟ ಎಣಿಸಿದಂತೆ.

ಒಬ್ಬರ ಕತೆ ಹೇಳಿಬಿಡುತ್ತೇನೆ. ಚುನಾವಣೆ ಬಂದಾಗ ಲೈಸೆನ್ಸುದಾರರು ಆಯುಧಗಳನ್ನು ಠಾಣೆಯಲ್ಲಿಡಬೇಕಾಗುವುದು ವಾಚಕರಿಗೆ ಗೊತ್ತಿದೆ. ಆ ಮಹನೀಯರು ತಮ್ಮ ರಿವಾಲ್ವರನ್ನು ಹಾಗೆ ಇಟ್ಟವರು, ತಿರುಗಿ ಒಯ್ಯಲು ಮರೆತರು. ಪ್ರಾಣಕ್ಕೆ ದಿನಂಪ್ರತಿ ಅಪಾಯವಿದೆಯೆಂದು ಅರ್ಜಿಯಲ್ಲಿ ಬರೆದುಕೊಟ್ಟಿದ್ದವರು ಅವರು. ಎರಡು ವರುಷ ಕಳೆದು, ನವೀಕರಣಕ್ಕೆ ಬಂದಾಗ ನಾನು ಕೇಳಿದ ಮೇಲೆಯೇ ನೆನಪಾದದ್ದು. ಆ ಎರಡು ವರುಷ ಅವರ ಆರೋಗ್ಯ ಚೆನ್ನಾಗಿತ್ತು. ಇನ್ನೊಬ್ಬರು ಕಾರಿನಿಂದ ಇಳಿಯುವಾಗ ಸ್ವಂತ ತೊಡೆಗೆ ಹಾರಿಸಿಕೊಂಡು ಊರುಗೋಲು ಹಿಡಿದರು. ಹತ್ತೊಂಬತ್ತು ವರುಷಗಳಲ್ಲಿ ನನ್ನ ಕಡತದ ಒಬ್ಬನೇ ಒಬ್ಬ ಕಳ್ಳನನ್ನು ಬಟ್ಟೆಯೊಳಗಿಂದ ತೆಗೆದ ರಿವಾಲ್ವರಿನಿಂದ ಓಡಿಸಿದ್ದನ್ನು ನಾನು ಕಂಡಿಲ್ಲ. ಕಳುವಾದ ರಿವಾಲ್ವರುಗಳ ದೂರು ಮಾತ್ರ ಕೈತುಂಬ ಕಂಡಿದ್ದೇನೆ.

ಈಗ ಆ ಇನ್ನೊಬ್ಬನ ಮಾತು. ಅಡಗುವ ಆಯುಧ ಯಾರಿಗೆ ಉಪಯೋಗ? ಮುಂಚೆಯೇ ಮನಸ್ಸು ಗಟ್ಟಿ ಮಾಡಿಕೊಂಡು ಬಂದವನಿಗೆ. ಹೊತ್ತು ಅವನದು, ಜಾಗ ಅವನದು, ದೂರ ಅವನದು. ಅವನಿಗೆ ಗುರಿಯೂ ಬೇಡ, ಅಭ್ಯಾಸವೂ ಬೇಡ; ಹತ್ತಿರ ಹೋಗುವ ತನಕ ಕಾಣದಿದ್ದರೆ ಸಾಕು. 1865ರಲ್ಲಿ ಲಿಂಕನ್ನರ ಹಿಂದೆ ನಿಂತವನ ಕೈಯಲ್ಲಿದ್ದದ್ದು ಅಂಗೈಯಲ್ಲಿ ಮುಚ್ಚುವಂಥ ಒಂದೇ ಗುಂಡಿನ ಪಿಸ್ತೂಲು. 1948ರ ಜನವರಿ 30ರಂದು ಬಿರ್ಲಾ ಭವನದ ಹುಲ್ಲಿನ ಮೇಲೆ ಕೈಮುಗಿದು ಬಂದವನ ಹತ್ತಿರ ಇದ್ದದ್ದೂ ಕಿಸೆಯ ಬೆರೆಟ್ಟಾ. ತಡೆಯಲು ಹೊರಟವನಿಗೆ ಇಂಥ ಸವಲತ್ತು ಯಾವುದೂ ಇಲ್ಲ. ಅವನು ಯಾವಾಗಲೂ ಎರಡನೆಯವನು. ಅಮೆರಿಕದ ಸಾಲ್ಟ್ ಲೇಕ್ ಸಿಟಿಯ ಪೊಲೀಸ್ ಶಿಕ್ಷಕ ಡೆನ್ನಿಸ್ ಟ್ಯೂಲರ್ ಎಂಬಾತ 1983ರಲ್ಲಿ ಲೆಕ್ಕ ಹಾಕಿ ಬರೆದ: ಚೂರಿ ಹಿಡಿದವನು 21 ಅಡಿ ದೂರವನ್ನು ಸುಮಾರು ಒಂದೂವರೆ ಸೆಕೆಂಡಿನಲ್ಲಿ ದಾಟುತ್ತಾನೆ, ನುರಿತ ಪೊಲೀಸಿನವನು ಸೊಂಟದ ಚೀಲದಿಂದ ಆಯುಧ ತೆಗೆದು ಹಾರಿಸುವುದಕ್ಕೂ ಅಷ್ಟೇ ಹೊತ್ತು ಬೇಕು. ಅದು ನುರಿತವನ ಲೆಕ್ಕ, ತೆರೆದ ಸೊಂಟದ ಲೆಕ್ಕ. ಬನೀನಿನ ಮೇಲೆ ಅಂಗಿ, ಅಂಗಿಯ ಮೇಲೆ ಥಂಡಿಗೆ ಸ್ವೆಟರು ಹಾಕಿ ಮೋಟಾರು ಸೈಕಲ್ಲಿನ ಹಿಡಿ ಹಿಡಿದ ನನ್ನ ಅಳಿಯನ ಲೆಕ್ಕ ಯಾರು ಹಾಕಬೇಕು?

ಆಯುಧವು ರಕ್ಷಿಸುವುದಿದ್ದರೆ ಅದು ಕಾಣುವುದರಿಂದ ರಕ್ಷಿಸುತ್ತದೆ. ಕಾಣದ ಆಯುಧಕ್ಕೆ ಕಳ್ಳ ಏಕೆ ಹೆದರಬೇಕು? ನಮ್ಮ ಕಡೆಯವರಿಗೆ ಇದನ್ನು ಹೊಸದಾಗಿ ಕಲಿಸಬೇಕಾಗಿಲ್ಲ. ಹಮ್ಮಿಗಿಗೆ ಹತ್ತಿರದ ಸಿಂಗಟಾಲೂರಿನಲ್ಲಿ ವೀರಭದ್ರದೇವರಿದ್ದಾನೆ. ಆ ದೇವರ ಪುರವಂತರು ಕತ್ತಿ ಹಿರಿದು ಒಡಪು ಹೇಳುವುದು ನಡುಬೀದಿಯಲ್ಲಿ. ಕೊಡಗಿನವರು ಕೋವಿಯನ್ನು ಕೈಲ್‌ಪೊಳ್ದಿನ ದಿನ ಹೂವಿಟ್ಟು ಪೂಜಿಸುತ್ತಾರೆ. ಹುಟ್ಟಿಗೆ, ಸಾವಿಗೆ ಗುಂಡು ಹಾರಿಸಿ ಊರಿಗೆ ತಿಳಿಸುತ್ತಾರೆ. ಅವರಿಗಿರುವ ಲೈಸೆನ್ಸಿನ ವಿನಾಯಿತಿಯನ್ನು 2021ರಲ್ಲಿ ಕರ್ನಾಟಕದ ಉಚ್ಚ ನ್ಯಾಯಾಲಯವೂ ಎತ್ತಿಹಿಡಿಯಿತು. ಗೋಡೆಯ ಮೇಲಿನ ಕೋವಿಯ ಬಗ್ಗೆ ನನ್ನ ತಕರಾರಿಲ್ಲ. ಹಂದಿಯ ಕಾಟಕ್ಕೆ ಬೆಳೆ ಕಾಯುವ ರೈತನ ಬಂದೂಕಿನ ಬಗ್ಗೆಯೂ ಇಲ್ಲ. ಹಾಗಾದರೆ ರಿವಾಲ್ವರನ್ನೂ ಸೊಂಟಕ್ಕೆ ಕಾಣುವಂತೆ ಕಟ್ಟಿಕೊಳ್ಳಲಿ ಎನ್ನುತ್ತೀರೋ ಎಂದು ಯಾರಾದರೂ ಕೇಳಿಯಾರು. ಇಲ್ಲ ಸ್ವಾಮಿ. ಬಸ್‌ಸ್ಟ್ಯಾಂಡಿನಲ್ಲಿ, ಸಂತೆಯಲ್ಲಿ ಅದನ್ನು ಝಳಪಿಸಗೊಡದಿರುವುದೇ ಸರಿ. 2016ರ ಆಯುಧ ನಿಯಮಗಳು ಅದನ್ನು ಚೀಲದೊಳಗೆ ಮುಚ್ಚಿಯೇ ಒಯ್ಯಬೇಕೆನ್ನುತ್ತವೆ. ತೋರಿಸಿದರೆ ಅಪರಾಧ, ತೋರಿಸದಿದ್ದರೆ ನಿಷ್ಪ್ರಯೋಜಕ. ಇಂಥ ವಸ್ತುವಿಗೆ ಲಕ್ಷ ರೂಪಾಯಿ ಕೊಡುವವನ ಬುದ್ಧಿಗೆ ಏನೆನ್ನಬೇಕು?

ಇಷ್ಟು ಹೇಳಿದ ಕೂಡಲೇ ಓದಿಕೊಂಡವರು ಚರಿತ್ರೆಯನ್ನು ನನ್ನ ಮೇಲೆ ಎಸೆಯುತ್ತಾರೆ. ಆಯುಧ ಕಸಿದುಕೊಂಡವರು ಬ್ರಿಟಿಷರು, ನಿಮ್ಮ ಮಾತು ಅವರ ಮಾತೇ ಎನ್ನುತ್ತಾರೆ. ನಿಜ, 1857ರಲ್ಲಿ ನಿಶ್ಶಸ್ತ್ರೀಕರಣದ ಕಾಯಿದೆ ಬಂತು. ಹಲಗಲಿಯ ಬೇಡರು ಕತ್ತಿ, ಬಂದೂಕು ಕೊಡೆವೆಂದು ನಿಂತು ಸತ್ತರು. 1918ರಲ್ಲಿ ಗಾಂಧೀಜಿ ಸೈನ್ಯಕ್ಕೆ ಜನ ಕೂಡಿಸಲು ಅಚ್ಚು ಹಾಕಿಸಿದ ಕರಪತ್ರದಲ್ಲಿ, ಇಡೀ ಜನಾಂಗದ ಆಯುಧ ಕಸಿದದ್ದನ್ನು ಆ ಸರಕಾರದ ದೊಡ್ಡ ಪಾಪಗಳ ಸಾಲಿಗೆ ಸೇರಿಸಿದರು. 1931ರ ಕರಾಚಿ ಕಾಂಗ್ರೆಸ್ಸಿನ ಠರಾವಿನಲ್ಲಿ ನಿಯಮಕ್ಕೊಳಪಟ್ಟ ಆಯುಧದ ಹಕ್ಕಿನ ಮಾತಿತ್ತು. 1948ರ ಡಿಸೆಂಬರಿನಲ್ಲಿ ನಮ್ಮ ಮಂಗಳೂರಿನ ಎಚ್. ವಿ. ಕಾಮತರೇ ಅದನ್ನು ಸಂವಿಧಾನದ ಮೂಲಭೂತ ಹಕ್ಕುಗಳಲ್ಲಿ ಸೇರಿಸಿರೆಂದು ವಾದಿಸಿದರು. ಅಂಬೇಡ್ಕರರು ಒಪ್ಪಲಿಲ್ಲ, ಸಭೆಯೂ ಒಪ್ಪಲಿಲ್ಲ. ಮಹಾತ್ಮರು ಹತರಾಗಿ ವರುಷ ತುಂಬಿರಲಿಲ್ಲ ಎಂಬುದನ್ನು ಕಾಮತರ ಪಕ್ಷದವರು ನೆನಪಿಡಬೇಕು. ಹಲಗಲಿಯವರಿಗಾಗಲಿ, ಗಾಂಧೀಜಿಗಾಗಲಿ ಪ್ರಶ್ನೆ ಇದ್ದದ್ದು ಒಂದು ಜನಾಂಗದ ಮಾನದ್ದು. ರಾತ್ರಿ ಹೊತ್ತು ಅಂಗಿಯ ಕೆಳಗೆ ಏನಿಡಬೇಕೆಂಬುದಲ್ಲ.

ಹಮ್ಮಿಗಿಯವರಿಗಂತೂ ಚರಿತ್ರೆ ಮನೆಯ ಹಿತ್ತಿಲಲ್ಲೇ ಇದೆ. 1858ರಲ್ಲಿ ಮುಂಡರಗಿ ಭೀಮರಾಯನ ಜೊತೆಗೆ ನಿಂತ ಕೆಂಚನಗೌಡ ಹಮ್ಮಿಗಿಯ ದೇಸಾಯಿ. ಊರಲ್ಲಿ ಕೂಡಿಟ್ಟಿದ್ದ ಆಯುಧಗಳ ಸುದ್ದಿ ಸರಕಾರಕ್ಕೆ ಮುಟ್ಟಿತು, ಪಹರೆ ಬಂತು. ಮೇ ತಿಂಗಳ ಕೊನೆಗೆ ಇವರು ಪಹರೆಯವರ ಮೇಲೆ ಬಿದ್ದರು, ಡಂಬಳದ ಖಜಾನೆಗೆ ಕೈಹಾಕಿದರು, ಕೊಪ್ಪಳದ ಕೋಟೆ ಹಿಡಿದರು; ಕೆಲವೇ ದಿನಗಳಲ್ಲಿ ಆ ಕೋಟೆಯಲ್ಲೇ ಇಬ್ಬರೂ ಮಡಿದರು. ಅವರ ಶೌರ್ಯಕ್ಕೆ ಕೈಮುಗಿಯುತ್ತೇನೆ. ಆದರೆ ಅಳಿಯನಿಗೆ ನಾನು ತೋರಿಸಬೇಕೆಂದದ್ದು ಬೇರೆ. ದೇಸಾಯಿಯಂಥ ದೇಸಾಯಿಗೆ, ಊರೆಲ್ಲ ತನ್ನವರಾಗಿದ್ದಾಗಲೂ, ಹಮ್ಮಿಗಿಯಲ್ಲಿ ಆಯುಧ ಮುಚ್ಚಿಡಲಾಗಲಿಲ್ಲ. ಇವನ ಕಿಸೆಯ ಗಂಟು ಬೆಳಗಾಗುವುದರೊಳಗೆ ಚಹಾದಂಗಡಿಯಲ್ಲಿ ಮಾತಾಗದೆ ಇದ್ದೀತೇ? ಮತ್ತೆ, ಅವರ ವೈರಿ ಯಾರೆಂದು ಮಕ್ಕಳಿಗೂ ಗೊತ್ತಿತ್ತು. ನಾನು ಯಾರ ಮೇಲೆಂದು ಕೇಳಿದರೆ ಇವನು ಕಾಲದ ಮೇಲೆ ಹಾಕುತ್ತಾನೆ.

ಇದಕ್ಕಿಂತ ಕಠಿಣವಾದ ಆಕ್ಷೇಪವೊಂದಿದೆ, ಅದನ್ನು ಜಾರಿಸಿ ಹೋಗುವಂತಿಲ್ಲ. 2015ರ ಆಗಸ್ಟ್ 30ರ ಬೆಳಿಗ್ಗೆ ಧಾರವಾಡದ ಕಲ್ಯಾಣನಗರದ ಮನೆಯಲ್ಲಿ ಡಾ. ಎಂ. ಎಂ. ಕಲಬುರ್ಗಿಯವರನ್ನು ಬಾಗಿಲಲ್ಲೇ ಕೊಂದರು. ಬೆದರಿಕೆ ಇತ್ತು, ಪೊಲೀಸ್ ಕಾವಲೂ ಇತ್ತು. ಅದನ್ನು ಅವರೇ ಬೇಡವೆಂದಿದ್ದರು. ಅವರ ಹತ್ತಿರ ಒಂದು ಸಣ್ಣ ರಿವಾಲ್ವರ್ ಇದ್ದಿದ್ದರೆ, ಎಂದು ನನ್ನ ಸ್ನೇಹಿತರೊಬ್ಬರು ಆ ದಿನ ಸಂಜೆಯೇ ಕಣ್ಣೀರಿಟ್ಟು ಹೇಳಿದರು. ನನಗೂ ಒಂದು ಗಳಿಗೆ ಹಾಗೆಯೇ ಅನಿಸಿತ್ತು. ಆಮೇಲೆ ರಾತ್ರಿ ನಿದ್ದೆ ಬಾರದೆ ಕೂತು ಯೋಚಿಸಿದೆ. ಮೋಟಾರು ಸೈಕಲ್ಲಿನಲ್ಲಿ ಬಂದ ತರುಣನೊಬ್ಬ ಬಾಗಿಲು ತಟ್ಟಿ 'ಸರ್' ಇದ್ದಾರೆಯೇ ಎನ್ನುತ್ತಾನೆ. ಧಾರವಾಡದ ಆ ಮನೆಗೆ ಹಾಗೆ ಬರುತ್ತಿದ್ದ ತರುಣರೆಷ್ಟು! ವಚನದ ಪಾಠ ಕೇಳಲು, ಶಾಸನದ ಪಡಿಯಚ್ಚು ತೋರಿಸಲು, ಪ್ರಬಂಧಕ್ಕೆ ಸಹಿ ಹಾಕಿಸಲು. ಇವರಲ್ಲಿ ಒಬ್ಬ ಕೊಲೆಗಾರನೆಂದು ತಿಳಿದುಕೊಳ್ಳುವ ಹೊತ್ತಿಗೆ ಎಲ್ಲವೂ ಮುಗಿದಿರುತ್ತದೆ. ಮೊದಲೇ ತಯಾರಾಗಿರಬೇಕೆಂದರೆ ಬಂದ ಪ್ರತಿಯೊಬ್ಬ ವಿದ್ಯಾರ್ಥಿಯನ್ನೂ ಅಂಗಿಯೊಳಗೆ ಕೈ ಇಟ್ಟುಕೊಂಡೇ ಬರಮಾಡಿಕೊಳ್ಳಬೇಕು. ಎರಡು ವರುಷ ಕಳೆದು, 2017ರ ಸೆಪ್ಟೆಂಬರ್ 5ರ ರಾತ್ರಿ ಗೌರಿ ಲಂಕೇಶರು ಬೆಂಗಳೂರಿನಲ್ಲಿ ಸ್ವಂತ ಮನೆಯ ಮುಂದೆಯೇ ಬಿದ್ದರು. ಎರಡು ಕಡೆಯೂ ಹಾರಿದ್ದು 7.65 ಎಂ.ಎಂ.ನ ಕಳ್ಳತಯಾರಿಯ ಪಿಸ್ತೂಲು, ಅದೂ ಒಂದೇ ಪಿಸ್ತೂಲು ಎಂದು ತನಿಖೆಯವರ ವರದಿ. ಅಡಗಿಸಿ ತಂದದ್ದು, ಸಣ್ಣದು, ಎರಡು ಸಲವೂ ಕೈ ಕೊಡದೆ ನಡೆದದ್ದು. ನನ್ನ ಅಳಿಯ ಹೇಳಿದ ಲಕ್ಷಣಗಳೆಲ್ಲ ಅದಕ್ಕಿದ್ದುವು.

ಹಾರಿಸಿದ ಮೇಲಿನ ಪುರಾಣ ಬೇರೆಯೇ ಇದೆ, ಸಂಕ್ಷೇಪವಾಗಿ ಹೇಳುತ್ತೇನೆ. 2024ರ ಜುಲೈಯಿಂದ ಜಾರಿಗೆ ಬಂದ ನ್ಯಾಯ ಸಂಹಿತೆಯಲ್ಲೂ ಹಳೆಯ ದಂಡಸಂಹಿತೆಯ ಮಾತೇ ಉಳಿದಿದೆ: ಆತ್ಮರಕ್ಷಣೆಯ ಹಕ್ಕುಂಟು, ಆದರೆ ಅವಶ್ಯಕ್ಕಿಂತ ಹೆಚ್ಚು ಹಾನಿ ಮಾಡಕೂಡದು, ಪೊಲೀಸರ ನೆರವು ಪಡೆಯಲು ವೇಳೆಯಿದ್ದರೆ ಆ ಹಕ್ಕೂ ಇಲ್ಲ. ಕತ್ತಲಲ್ಲಿ ಒಂದು ಸೆಕೆಂಡಿನಲ್ಲಿ ಮಾಡಿದ ತೀರ್ಮಾನಕ್ಕೆ ಕೋರ್ಟಿನಲ್ಲಿ ಹತ್ತು ವರುಷ ಲೆಕ್ಕ ಕೊಡಬೇಕು.

ಅಳಿಯ ಇದನ್ನೆಲ್ಲ ತಲೆ ತಗ್ಗಿಸಿ ಕೇಳಿದ. ಕೇಳಿ, ಚೀಲದಿಂದ ಲೈಸೆನ್ಸಿನ ಅರ್ಜಿಯ ಫಾರಮು ತೆಗೆದ. "ಅದೆಲ್ಲಾ ಖರೇರಿ ಮಾಮಾ. ನೀವು ಇದನ್ನಷ್ಟ ತುಂಬಿಕೊಡ್ರಿ." ನಾನು ಕನ್ನಡಕ ಹಾಕಿಕೊಂಡೆ. ಹೆಸರು, ತಂದೆಯ ಹೆಸರು, ಊರು ಬರೆದೆ. ಏತಕ್ಕೆ ಬೇಕೆಂಬ ಕಲಮಿಗೆ ಬಂದಾಗ ಪೆನ್ನು ಎತ್ತಿ ಹೇಳಿದೆ: "ಜೀವಕ್ಕೆ ಅಪಾಯ ಅಂತ ಬರೆದರೆ ಪೊಲೀಸರು ವಿಚಾರಣೆಗೆ ಬರ್ತಾರ. ಯಾರಿಂದ ಅಂತ ಕೇಳ್ತಾರ. ಪ್ಯಾಟಿ ರೊಕ್ಕ ಈಗ ಬ್ಯಾಂಕಿಗೇ ಬರತೈತೆಲ್ಲೋ. ಯಾರ ಹೆಸರು ಬರೀಲಿ?"

ಬಹಳ ಹೊತ್ತು ಸುಮ್ಮನೆ ಕುಳಿತ. ಆಮೇಲೆ ತಮ್ಮನ ಹೆಸರು ಹೇಳಿದ.

ಹಮ್ಮಿಗಿಯ ಹತ್ತಿರ ತುಂಗಭದ್ರೆಗೆ ಸಿಂಗಟಾಲೂರು ಏತ ನೀರಾವರಿಯ ಬ್ಯಾರೇಜು ಬಂದಾಗ ಹೊಳೆಸಾಲಿನ ಹೊಲಗಳು ಹಿನ್ನೀರಿಗೆ ಹೋದವು. ನಮ್ಮ ಅಕ್ಕನ ಮನೆಯ ಹೊಲವೂ ಹೋಯಿತು. ಪರಿಹಾರದ ಹಣ ಹಿರಿಯನ ಖಾತೆಗೆ ಬಂತು, ಹೊಸ ಮನೆಯ ಗೋಡೆಯಾಯಿತು, ಒಂದಿಷ್ಟು ಸಾಲಕ್ಕೆ ವಜಾ ಆಯಿತು. ಕಿರಿಯನಿಗೆ ಲೆಕ್ಕ ಒಪ್ಪಿಗೆಯಾಗಲಿಲ್ಲ. ಒಂದೇ ತಾಟಿನಲ್ಲಿ ಉಂಡ ಹುಡುಗರು ಈಗ ಒಂದೇ ಪಡಸಾಲೆಯ ಎರಡು ಬಾಗಿಲುಗಳಲ್ಲಿ ಹೋಗಿಬರುತ್ತಾರೆ. ಇದು ನನಗೆ ಗೊತ್ತಿತ್ತು. ಇಷ್ಟರ ಮಟ್ಟಿಗೆ ಹೋಗಿದೆಯೆಂದು ಗೊತ್ತಿರಲಿಲ್ಲ.

ಎಂಟು ದಿನಗಳ ಮೇಲೆ ಕಿರಿಯವನು ಫೋನು ಮಾಡಿದ. ಮಳೆ ಬೆಳೆ, ಅಕ್ಕನ ಮೊಣಕಾಲು ನೋವು ಎಲ್ಲ ಮಾತಾಡಿ, ಕೊನೆಗೆ: "ಮಾಮಾ, ನೀವು ಆ ಕಚೇರ್ಯಾಗ ಇದ್ದವರು. ಸಣ್ಣದೊಂದು ರಿವಾಲ್ವರ್ ನೋಡಬೇಕಾಗಿತ್ರಿ, ಭರವಸೆದ್ದು. ಅಣ್ಣ ತಗೊಳ್ಳಾಕ ಹತ್ಯಾನಂತ ಊರಾಗ ಸುದ್ದಿ ಐತಿ."

ಸುದ್ದಿ ಹೋದದ್ದು ಎಂಟೇ ದಿನದಲ್ಲಿ. ಫಾರಮು ಇನ್ನೂ ನನ್ನ ಮೇಜಿನ ಮೇಲಿದೆ. ಮೂರು ಕಲಮು ತುಂಬಿದ್ದೇನೆ, ಉಳಿದದ್ದನ್ನು ತುಂಬುವುದಿಲ್ಲ. ಬೇಕಾದವನು ಬೇರೆ ಕಡೆ ಬರೆಯಿಸಿಕೊಳ್ಳಲಿ. ಪರಿಹಾರದ ಕಾಗದಪತ್ರ, ಪಾಸ್‌ಬುಕ್ಕು ತೆಗೆದುಕೊಂಡು ಬರುವ ಭಾನುವಾರ ಇಬ್ಬರೂ ನಮ್ಮ ಮನೆಗೇ ಬನ್ನಿರೆಂದು ಹೇಳಿಕಳಿಸಿದ್ದೇನೆ. ಹಿರಿಯವನು ಬರುತ್ತೇನೆಂದಿದ್ದಾನೆ. ಕಿರಿಯವನಿಂದ ಇನ್ನೂ ಜವಾಬು ಬಂದಿಲ್ಲ. ಅಕ್ಕನಿಗೆ ನಾನು ಏನೂ ಹೇಳಿಲ್ಲ.